ಅಳತೆಗೇ ಅಳತೆಯಾಗುವ ಕಡಲ ಕೆಸರು

ಕಡಲ ತಳದ ಕೆಸರಿನಲ್ಲಿ ಸೀಸವೆಷ್ಟು, ಪಾದರಸವೆಷ್ಟು, ಕ್ಯಾಡ್ಮಿಯಂ ಎಷ್ಟು ಎಂದು ಪ್ರಯೋಗಾಲಯವೊಂದು ಹೇಳುವ ಸಂಖ್ಯೆಗೆ ತನ್ನಷ್ಟಕ್ಕೆ ತಾನೇ ಬೆಲೆಯಿಲ್ಲ. ಅದೇ ಪ್ರಯೋಗಾಲಯ, ಅದೇ ವಿಧಾನದಲ್ಲಿ, ಉತ್ತರ ಮೊದಲೇ ಗೊತ್ತಿರುವ ಇನ್ನೊಂದು ಕೆಸರನ್ನು ಅಳೆದು ಸರಿಯಾದ ಉತ್ತರಕ್ಕೆ ಬಂದಿದೆ ಎಂದು ತೋರಿಸಿದಾಗಲೇ ಆ ಸಂಖ್ಯೆಗೊಂದು ಆಧಾರ ಸಿಗುತ್ತದೆ. ಹೀಗೆ ಉತ್ತರ ಗೊತ್ತಿರುವ, ಪುಡಿಯಾಗಿಸಿ ಸೀಸೆಯಲ್ಲಿ ತುಂಬಿ, ಪ್ರತಿಯೊಂದು ಧಾತುವಿನ ಪ್ರಮಾಣವನ್ನೂ ಅದರ ಅನಿಶ್ಚಿತತೆಯನ್ನೂ ಬರೆದ ಪ್ರಮಾಣಪತ್ರದೊಡನೆ ಹೊರಬರುವ ಕೆಸರಿಗೆ ಪ್ರಮಾಣೀಕೃತ ನಿರ್ದೇಶಕ ದ್ರವ್ಯವೆಂದು ಹೆಸರು. ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆಯೊತ್ತಿದ ತೂಕದ ಬಟ್ಟು ಹೇಗೋ, ಕಡಲ ರಸಾಯನದ ಪ್ರಯೋಗಾಲಯಕ್ಕೆ ಈ ಸೀಸೆ ಹಾಗೆ. ಆದರೆ ಬಟ್ಟನ್ನು ಎರಕ ಹೊಯ್ದು ತಯಾರಿಸಬಹುದು. ಕೆಸರನ್ನು ಕಡಲಿನಿಂದ ಎತ್ತಿ ತಂದು, ಅದರೊಳಗೆ ಏನಿದೆಯೆಂದು ವರ್ಷಗಟ್ಟಲೆ ದುಡಿದು ಕಂಡುಕೊಳ್ಳಬೇಕು.

ಇಷ್ಟೊಂದು ಶ್ರಮ ಏಕೆ ಬೇಕೆಂಬುದಕ್ಕೆ ಜಪಾನಿನ ಮಿನಮಾತಾ ಕೊಲ್ಲಿ ಉತ್ತರ ಕೊಡುತ್ತದೆ. ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ 1968ರವರೆಗೆ ಹರಿಯಬಿಟ್ಟ ತ್ಯಾಜ್ಯದಲ್ಲಿದ್ದ ಪಾದರಸ ಕೊಲ್ಲಿಯ ತಳದ ಕೆಸರಿನಲ್ಲಿ ಕೂತಿತು, ಮೀನಿನ ಮೂಲಕ ಮನುಷ್ಯರ ನರವ್ಯೂಹವನ್ನು ಸೇರಿತು, 1956ರಲ್ಲಿ ರೋಗವಾಗಿ ಅಧಿಕೃತವಾಗಿ ದಾಖಲಾಯಿತು. ಕೊಲ್ಲಿಯನ್ನು ಶುದ್ಧಗೊಳಿಸುವ ಕೆಲಸ 1977ರಲ್ಲಿ ಆರಂಭವಾಗಿ 1990ರಲ್ಲಿ ಮುಗಿಯಿತು. ಆಗ ಎಲ್ಲಿಯ ಕೆಸರನ್ನು ಎತ್ತಬೇಕು, ಎಲ್ಲಿಯದನ್ನು ಬಿಡಬಹುದು ಎಂಬುದನ್ನು ನಿರ್ಧರಿಸಿದ್ದು ಒಂದು ಸಂಖ್ಯೆ: ದಶಲಕ್ಷ ಪಾಲಿನಲ್ಲಿ 25 ಪಾಲು ಪಾದರಸ. ಅದನ್ನು ಮೀರಿದ ಕೆಸರನ್ನು ಹೀರಿ ತೆಗೆದು ಸುಮಾರು 58 ಹೆಕ್ಟೇರು ಜಾಗದಲ್ಲಿ ಹುಗಿಯಲಾಯಿತು. ಅಂಥ ಗೆರೆಯ ಆಸುಪಾಸಿನಲ್ಲಿ ಒಂದು ಪ್ರಯೋಗಾಲಯ 20 ಎಂದು, ಇನ್ನೊಂದು 30 ಎಂದು ಅದೇ ಕೆಸರಿಗೆ ಹೇಳಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಬಂದರಿನ ಹೂಳೆತ್ತಿ ಆಳಸಮುದ್ರಕ್ಕೆ ಸುರಿಯಲು ಅನುಮತಿ ಕೊಡುವಾಗಲೂ, ಅಳಿವೆಯೊಂದು ಕಲುಷಿತವಾಗಿದೆಯೇ ಎಂದು ನ್ಯಾಯಮಂಡಳಿಯ ಮುಂದೆ ವಾದ ನಡೆಯುವಾಗಲೂ ಇದೇ ಪ್ರಶ್ನೆ ಎದುರಾಗುತ್ತದೆ.

ವಿಶ್ಲೇಷಕರ ನಡುವಿನ ಭಿನ್ನಾಭಿಪ್ರಾಯ ಎಷ್ಟು ದೊಡ್ಡದಿರಬಹುದೆಂದು ಜಗತ್ತಿಗೆ ಮೊದಲು ಸ್ಪಷ್ಟವಾಗಿ ಕಂಡದ್ದು ಕಡಲ ಕೆಸರಿನಿಂದಲ್ಲ, ಬಂಡೆಯ ಪುಡಿಯಿಂದ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಗ್ರಾನೈಟ್ ಒಂದನ್ನೂ ವರ್ಜೀನಿಯಾದ ಡಯಾಬೇಸ್ ಎಂಬ ಕಪ್ಪು ಶಿಲೆಯೊಂದನ್ನೂ ಪುಡಿಮಾಡಿ, ಜಿ-1 ಮತ್ತು ಡಬ್ಲ್ಯು-1 ಎಂದು ಹೆಸರಿಟ್ಟು ಹಲವು ಪ್ರಯೋಗಾಲಯಗಳಿಗೆ ಹಂಚಲಾಗಿತ್ತು. 1951ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಪ್ರಕಟಿಸಿದ ವರದಿಯಲ್ಲಿ ಸಿಲಿಕಾದಂಥ ಮುಖ್ಯ ಘಟಕದ ವಿಷಯದಲ್ಲೂ ಅವುಗಳ ಉತ್ತರಗಳು ಹೊಂದಲಿಲ್ಲವೆಂದು ತಿಳಿದಾಗ ಭೂರಸಾಯನಜ್ಞರು ಬೆಚ್ಚಿಬಿದ್ದರು. ಆಮೇಲೆ ಶಿಲೆಗಳಿಗೆ, ಮಣ್ಣಿಗೆ, ಕಡೆಗೆ ಕಡಲ ಸಂಚಯಗಳಿಗೆ ನಿರ್ದೇಶಕ ದ್ರವ್ಯಗಳು ಬಂದವು. ಮೇನ್ ಕೊಲ್ಲಿಯ ವಿಲ್ಕಿನ್ಸನ್ ತಗ್ಗಿನಿಂದ ತಂದ ಕೆಸರು ಮ್ಯಾಗ್-1 ಆಯಿತು. ಮೊನಾಕೊದಲ್ಲಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಕಡಲ ಪ್ರಯೋಗಾಲಯಗಳು, ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ, ಚೀನಾ ಮತ್ತು ಜಪಾನಿನ ಭೂವೈಜ್ಞಾನಿಕ ಸಂಸ್ಥೆಗಳು ಒಂದೊಂದಾಗಿ ತಮ್ಮ ಕೆಸರುಗಳನ್ನು ಸಿದ್ಧಪಡಿಸಿದವು.

ಇವುಗಳ ಪೈಕಿ ಕಡಲ ರಸಾಯನಜ್ಞರ ಬಾಯಲ್ಲಿ ಹೆಚ್ಚು ಓಡಾಡುವ ಹೆಸರುಗಳು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯವು. ಆ ಮಂಡಳಿಯ ಎರಡು ಸೀಸೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ವಿದ್ಯೆಯ ಸ್ವರೂಪ ಅರ್ಥವಾಗುತ್ತದೆ. ಪ್ಯಾಕ್ಸ್-2 ಎಂಬುದು ಬ್ರಿಟಿಷ್ ಕೊಲಂಬಿಯಾದ ಎಸ್ಕ್ವಿಮಾಲ್ಟ್ ಬಂದರಿನ ಕೆಸರು. ಹಡಗುಗಳು ತಲೆಮಾರುಗಳ ಕಾಲ ಬಳಸಿದ ನೀರಿನ ತಳದಿಂದ ಎತ್ತಿದ್ದು. ಅದರ ಒಂದು ಕಿಲೋಗ್ರಾಮಿನಲ್ಲಿ 183 ಮಿಲಿಗ್ರಾಂ ಸೀಸ, 3.04 ಮಿಲಿಗ್ರಾಂ ಪಾದರಸ, 2.11 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ. ಮೆಸ್-3 ಎಂಬುದು ಉತ್ತರ ಧ್ರುವದ ಕಡೆಯ ಬೋಫೋರ್ಟ್ ಸಮುದ್ರದ ಕೆಸರು. ಅದರಲ್ಲಿ ಸೀಸ 21.1 ಮಿಲಿಗ್ರಾಂ, ಪಾದರಸ ಕೇವಲ 0.091 ಮಿಲಿಗ್ರಾಂ, ಕ್ಯಾಡ್ಮಿಯಂ 0.24 ಮಿಲಿಗ್ರಾಂ. ಕಲುಷಿತವಾದದ್ದು ಒಂದು, ಬಹುಮಟ್ಟಿಗೆ ನಿರ್ಮಲವಾದದ್ದು ಇನ್ನೊಂದು. ಎರಡರ ಪಾದರಸದ ನಡುವೆ ಮೂವತ್ತು ಪಟ್ಟಿಗೂ ಮೀರಿದ ಅಂತರ. ಕೆಸರಿನ ಜೀವಿಗಳ ಮೇಲೆ ದುಷ್ಪರಿಣಾಮ ಕಾಣತೊಡಗುವ ಕೆಳಮಿತಿಯೆಂದು ಅಮೆರಿಕದಲ್ಲಿ 1995ರಲ್ಲಿ ಸೂಚಿಸಲಾದ ಪಾದರಸದ ಮಟ್ಟ 0.15 ಮಿಲಿಗ್ರಾಂ. ಅದು ಈ ಎರಡು ಸೀಸೆಗಳ ನಡುವೆ ಬೀಳುತ್ತದೆ. ಹಾಗಾಗಿ ಎರಡನ್ನೂ ಸರಿಯಾಗಿ ಅಳೆಯಬಲ್ಲ ಪ್ರಯೋಗಾಲಯ ಆ ಮಿತಿಯ ಎರಡೂ ಬದಿಯಲ್ಲಿ ನಂಬಿಕೆಗೆ ಅರ್ಹವಾಗುತ್ತದೆ.

ಸಿದ್ಧತೆಯ ಮೊದಲ ಹೆಜ್ಜೆ ಕೆಸರನ್ನು ಒಣಗಿಸುವುದು. ಇಲ್ಲಿಯೇ ಮೊದಲ ಅಪಾಯವೂ ಇದೆ. ಒಲೆಯಲ್ಲಿಟ್ಟು ಕಾಯಿಸಿದರೆ ಪಾದರಸದ ಒಂದಂಶ ಆವಿಯಾಗಿ ಹೋಗಬಹುದಾದ್ದರಿಂದ, ಕೆಸರನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಹಿಮವನ್ನು ನೇರವಾಗಿ ಆವಿಯಾಗಿಸುವ ಶೀತಶುಷ್ಕೀಕರಣ ವಿಧಾನವನ್ನು ಸಾಮಾನ್ಯವಾಗಿ ಅನುಸರಿಸುತ್ತಾರೆ. ನೀರು ಹೋದರೂ ಉಪ್ಪು ಹೋಗುವುದಿಲ್ಲ. ಅರ್ಧ ತೂಕ ನೀರೇ ಇರುವ ಒಂದು ಕಿಲೋಗ್ರಾಂ ಕಡಲ ಕೆಸರನ್ನು ತೆಗೆದುಕೊಂಡರೆ, ಅದರ 500 ಗ್ರಾಂ ಸಮುದ್ರಜಲದಲ್ಲಿ ಸುಮಾರು 17 ಗ್ರಾಂ ಉಪ್ಪಿರುತ್ತದೆ. ಒಣಗಿದ ಪುಡಿಯ ತೂಕದಲ್ಲಿ ಅದು ನೂರಕ್ಕೆ ಮೂರು ಪಾಲನ್ನು ಮೀರುತ್ತದೆ. ನದಿಯ ಹೂಳನ್ನೂ ಹೊಲದ ಮಣ್ಣನ್ನೂ ಅಳೆದು ಪಳಗಿದ ಪ್ರಯೋಗಾಲಯ ಕಡಲ ಕೆಸರಿನ ಮುಂದೆ ಎಡವುವುದು ಈ ಉಪ್ಪಿನಿಂದಲೇ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಪ್ಲಾಸ್ಮಾ ದ್ರವ್ಯರಾಶಿ ವರ್ಣಮಾಪಕ ಎಂಬ ಯಂತ್ರ ಆರ್ಗಾನ್ ಅನಿಲದ ಅತ್ಯುಷ್ಣ ಜ್ವಾಲೆಯಲ್ಲಿ ಧಾತುಗಳನ್ನು ಅಯಾನುಗಳಾಗಿಸಿ, ದ್ರವ್ಯರಾಶಿಗೆ ತಕ್ಕಂತೆ ಬೇರ್ಪಡಿಸಿ ಎಣಿಸುತ್ತದೆ. ಉಪ್ಪಿನ ಕ್ಲೋರಿನ್ ಜ್ವಾಲೆಯ ಆರ್ಗಾನಿನೊಡನೆ ಕೂಡಿಕೊಂಡರೆ 40 ಮತ್ತು 35 ಸೇರಿ 75 ದ್ರವ್ಯರಾಶಿಯ ಜೋಡಿಯಾಗುತ್ತದೆ. ಆರ್ಸೆನಿಕ್‌ನ ದ್ರವ್ಯರಾಶಿಯೂ 75. ಎಚ್ಚರ ತಪ್ಪಿದ ವಿಶ್ಲೇಷಕ ಅಡುಗೆಯ ಉಪ್ಪನ್ನೇ ವಿಷವೆಂದು ಎಣಿಸಿ ವರದಿ ಕೊಡಬಹುದು; ಅಯಾನುಗಳು ಹೀಲಿಯಂ ತುಂಬಿದ ಕೋಶದ ಮೂಲಕ ಹಾದುಹೋಗುವಂತೆ ಮಾಡಿ ಇಂಥ ಜೋಡಿಗಳನ್ನು ತಡೆಯುವ ಏರ್ಪಾಡು ಈಗ ಇದೆಯಾದರೂ, ಅದು ಸರಿಯಾಗಿ ಕೆಲಸಮಾಡಿದೆಯೇ ಎಂದು ತಿಳಿಯಲು ಉಪ್ಪಿರುವ ನಿರ್ದೇಶಕ ಕೆಸರೇ ಬೇಕು. ಪರೀಕ್ಷಿಸುವ ವಸ್ತುವಿಗೂ ನಿರ್ದೇಶಕ ದ್ರವ್ಯಕ್ಕೂ ಒಡಲು ಹೊಂದಬೇಕೆಂಬ ನಿಯಮದ ಹಿಂದಿರುವ ಕಾರಣ ಇಂಥದು.

ಒಣಗಿದ ಕೆಸರನ್ನು ಅರೆದು, ಜರಡಿಯಾಡಿ, ದೊಡ್ಡ ಡ್ರಮ್ಮಿನಲ್ಲಿ ದಿನಗಟ್ಟಲೆ ಉರುಳಿಸಿ ಬೆರೆಸಿ, ಸಾವಿರಾರು ಸೀಸೆಗಳಿಗೆ ಹಂಚುತ್ತಾರೆ. ಸೂಕ್ಷ್ಮಜೀವಿಗಳು ಒಳಗಿನ ರಸಾಯನವನ್ನು ಬದಲಿಸದಿರಲೆಂದು ಕೋಬಾಲ್ಟ್-60ರ ಗಾಮಾ ಕಿರಣಗಳಿಗೆ ಒಡ್ಡುತ್ತಾರೆ. ಆದರೆ ಎಷ್ಟು ಬೆರೆಸಿದರೂ ಕೆಸರು ದ್ರವದಂತೆ ಏಕರೂಪವಾಗುವುದಿಲ್ಲ, ಏಕೆಂದರೆ ಅದು ಕಣಗಳ ರಾಶಿ. ಉದಾಹರಣೆಗೆ ಜಿರ್ಕಾನ್ ಎಂಬ ಗಟ್ಟಿ ಖನಿಜದ, ಒಂದು ಮಿಲಿಮೀಟರಿನ ಹತ್ತನೇ ಒಂದರಷ್ಟು ಅಡ್ಡಗಲದ ಒಂದೇ ಹರಳನ್ನು ಪರಿಗಣಿಸಬಹುದು. ಅದರ ತೂಕ ಸುಮಾರು 2.4 ಮೈಕ್ರೋಗ್ರಾಂ, ಅದರಲ್ಲಿ ಅರ್ಧದಷ್ಟು, ಎಂದರೆ 1.2 ಮೈಕ್ರೋಗ್ರಾಂ, ಜಿರ್ಕೋನಿಯಂ ಧಾತು. ಕಿಲೋಗ್ರಾಮಿಗೆ 100 ಮಿಲಿಗ್ರಾಂ ಜಿರ್ಕೋನಿಯಂ ಇರುವ ಕೆಸರಿನ 100 ಮಿಲಿಗ್ರಾಂ ಪುಡಿಯನ್ನು ವಿಶ್ಲೇಷಕ ತೂಗಿಕೊಂಡರೆ, ಅದರಲ್ಲಿರುವುದು ಒಟ್ಟು 10 ಮೈಕ್ರೋಗ್ರಾಂ. ಆ ಚಮಚದೊಳಗೆ ಇಂಥ ಒಂದು ಹರಳು ಹೆಚ್ಚಾಗಿ ಬಂದರೆ ಉತ್ತರ ನೂರಕ್ಕೆ ಹನ್ನೆರಡರಷ್ಟು ಏರುತ್ತದೆ, ಬಾರದಿದ್ದರೆ ಅಷ್ಟೇ ಇಳಿಯುತ್ತದೆ. ವಿಶ್ಲೇಷಕನ ಕೌಶಲದಲ್ಲಿ ಲೋಪವಿಲ್ಲದೆಯೂ ಹೀಗಾಗುತ್ತದೆ. ಕೇರಳದ ಚವರದಂಥ ಕಡೆ ಮರಳಿನಲ್ಲಿ ಹೇರಳವಾಗಿರುವ ಮೋನಜೈಟ್ ಹರಳು ವಿರಳ ಭಸ್ಮಧಾತುಗಳ ವಿಷಯದಲ್ಲಿ ಇದೇ ತೊಡಕನ್ನು ತರುತ್ತದೆ. ಅದಕ್ಕೇ ಪ್ರಮಾಣಪತ್ರದಲ್ಲಿ ಕನಿಷ್ಠ ಎಷ್ಟು ಪುಡಿಯನ್ನು ತೂಗಬೇಕೆಂದು ನಮೂದಿಸಿರುತ್ತಾರೆ. ಅದಕ್ಕಿಂತ ಕಡಿಮೆ ತೂಗಿದವರಿಗೆ ಪ್ರಮಾಣಪತ್ರದ ಸಂಖ್ಯೆ ಅನ್ವಯಿಸುವುದಿಲ್ಲ.

ಪರಿಹಾರ ಕಣವನ್ನು ಇನ್ನೂ ಸಣ್ಣದಾಗಿಸುವುದು. ಹರಳಿನ ಅಡ್ಡಗಲ ಹತ್ತನೇ ಒಂದರಷ್ಟಾದರೆ ಅದರ ತೂಕ ಸಾವಿರದಲ್ಲೊಂದು ಪಾಲಾಗುತ್ತದೆ, ಒಂದೆರಡು ಹರಳುಗಳ ಏರುಪೇರು ಲೆಕ್ಕಕ್ಕೇ ಬಾರದಂತಾಗುತ್ತದೆ. ಅಮೆರಿಕದ ಮಾನಕ ಸಂಸ್ಥೆ ತನ್ನ 2702 ಸಂಖ್ಯೆಯ ಕಡಲ ಕೆಸರನ್ನು ಮತ್ತಷ್ಟು ನುಣ್ಣಗೆ ಅರೆದು, ಒಂದು ಮಿಲಿಗ್ರಾಂ ಆಸುಪಾಸಿನ ಪುಡಿಯನ್ನು ಘನರೂಪದಲ್ಲೇ ವಿಶ್ಲೇಷಿಸುವವರಿಗಾಗಿ 2703 ಎಂಬ ಇನ್ನೊಂದು ದ್ರವ್ಯವನ್ನು ರೂಪಿಸಿತು. ಚೀನಾದ ಭೂವಿಶ್ಲೇಷಕರೂ ಕಡಲ ಸಂಚಯಗಳ ಅತಿಸೂಕ್ಷ್ಮ ಪುಡಿಗಳನ್ನು ಸಿದ್ಧಪಡಿಸಿದ್ದಾರೆ. ನುಣ್ಣಗಾದಷ್ಟೂ ಒಳಿತೆಂದೂ ಹೇಳಲಾಗದು. ಅರೆಯುವ ಯಂತ್ರದ ಉಕ್ಕು ಪುಡಿಗೆ ಕಬ್ಬಿಣ, ಕ್ರೋಮಿಯಂ ಸೇರಿಸಬಹುದು. ಅತಿಸೂಕ್ಷ್ಮ ಪುಡಿ ಗಾಳಿಯ ತೇವವನ್ನು ಬೇಗ ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಆದ್ದರಿಂದ ಬೇರೊಂದು ಪಾಲು ಪುಡಿಯನ್ನು ಪ್ರಮಾಣಪತ್ರದಲ್ಲಿ ಹೇಳಿದ ಉಷ್ಣತೆಯಲ್ಲಿ ಒಣಗಿಸಿ ತೇವಾಂಶವನ್ನು ಲೆಕ್ಕಹಾಕಿ, ಅಳತೆಯ ಫಲಿತಾಂಶವನ್ನು ಒಣತೂಕಕ್ಕೆ ತಿದ್ದಿಕೊಳ್ಳಬೇಕಾಗುತ್ತದೆ.

ಸೀಸೆ ತುಂಬಿದ ಮೇಲೆ ಬರುವುದು ಪರೀಕ್ಷೆಗಳ ಸರದಿ. ಯಾದೃಚ್ಛಿಕವಾಗಿ ಆಯ್ದ ಸೀಸೆಗಳಿಂದ ಹಲವು ಬಾರಿ ಪುಡಿ ತೆಗೆದು ಅಳೆದು, ಒಂದೇ ಸೀಸೆಯೊಳಗಿನ ವ್ಯತ್ಯಾಸಕ್ಕಿಂತ ಸೀಸೆಯಿಂದ ಸೀಸೆಗಿರುವ ವ್ಯತ್ಯಾಸ ಹೆಚ್ಚಿದೆಯೇ ಎಂದು ಸಂಖ್ಯಾಶಾಸ್ತ್ರದ ವಿಧಾನದಿಂದ ನೋಡುತ್ತಾರೆ. ಇದು ಏಕರೂಪತೆಯ ಪರೀಕ್ಷೆ. ಸ್ಥಿರತೆಯ ಪರೀಕ್ಷೆಯಲ್ಲಿ ಕೆಲವು ಸೀಸೆಗಳನ್ನು ಬಿಸಿಯಲ್ಲಿಯೂ ಕೆಲವನ್ನು ತಣ್ಣಗೂ ಬೇರೆ ಬೇರೆ ಅವಧಿಯವರೆಗೆ ಇಟ್ಟು, ಕೊನೆಗೆ ಎಲ್ಲವನ್ನೂ ಒಂದೇ ಸಲ ಅಳೆಯುತ್ತಾರೆ. ಒಂದೊಂದನ್ನು ಒಂದೊಂದು ತಿಂಗಳು ಅಳೆದರೆ, ಕಂಡ ಬದಲಾವಣೆ ಕೆಸರಿನದೋ ಯಂತ್ರದ್ದೋ ಎಂದು ಹೇಳಲಾಗುವುದಿಲ್ಲ. ಒಟ್ಟಿಗೆ ಅಳೆಯುವ ಈ ಉಪಾಯ ಸರಳವಾದರೂ ಬಹಳ ಜಾಣತನದ್ದು.

ಇನ್ನು ಮುಖ್ಯ ಕೆಲಸ: ನಿಜವಾದ ಉತ್ತರ ಯಾವುದೆಂದು ತೀರ್ಮಾನಿಸುವುದು. ಹಲವು ಪ್ರಯೋಗಾಲಯಗಳಿಗೆ ಕಳುಹಿಸಿ ಸರಾಸರಿ ತೆಗೆಯುವುದು ಸುಲಭದ ದಾರಿಯಂತೆ ತೋರುತ್ತದೆ. ಆದರೆ ಹತ್ತು ಮಂದಿ ಒಂದೇ ತಪ್ಪು ಮಾಡಿದರೆ ಸರಾಸರಿಯೂ ತಪ್ಪೇ. ಕ್ರೋಮಿಯಂ ಇದಕ್ಕೆ ಒಳ್ಳೆಯ ನಿದರ್ಶನ. ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳ ಮಿಶ್ರಣವಾದ ಅಕ್ವಾ ರೀಜಿಯಾ, ಚಿನ್ನವನ್ನೇ ಕರಗಿಸುವಂಥದು, ಕ್ರೋಮೈಟ್ ಹರಳುಗಳನ್ನಾಗಲಿ ಜೇಡಿಕಣಗಳ ಸಿಲಿಕೇಟ್ ಜಾಲವನ್ನಾಗಲಿ ಪೂರ್ತಿ ಕರಗಿಸಲಾರದು. ಆ ವಿಧಾನವನ್ನೇ ಬಳಸುವ ಎಲ್ಲ ಪ್ರಯೋಗಾಲಯಗಳೂ ಪರಸ್ಪರ ಚೆನ್ನಾಗಿ ಹೊಂದುವ, ನಿಜಕ್ಕಿಂತ ಕಡಿಮೆಯಿರುವ ಉತ್ತರಗಳನ್ನೇ ಕೊಡುತ್ತವೆ. ಸಿಲಿಕೇಟನ್ನು ಒಡೆಯಲು ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಅದು ಗಾಜನ್ನೂ ತಿನ್ನುವ, ಚರ್ಮಕ್ಕೆ ತಾಗಿದರೆ ಒಳಗಿನ ಮೂಳೆಯವರೆಗೂ ಘಾಸಿಮಾಡುವ ಅಪಾಯಕಾರಿ ದ್ರವ. ಅದನ್ನು ಬಳಸಿದರೂ ಅಲ್ಯೂಮಿನಿಯಂ ಕರಗದ ಫ್ಲೋರೈಡುಗಳಾಗಿ ತಳಕ್ಕೆ ಕೂರಬಹುದಾದ್ದರಿಂದ ಬೋರಿಕ್ ಆಮ್ಲ ಸೇರಿಸಿಯೋ ಪರ್ಕ್ಲೋರಿಕ್ ಆಮ್ಲದೊಡನೆ ಬತ್ತಿಸಿಯೋ ಸರಿಪಡಿಸಬೇಕು. ಅಲ್ಯೂಮಿನಿಯಂ ತಪ್ಪಿದರೆ ಅದೊಂದೇ ತಪ್ಪುವುದಿಲ್ಲ. ಜೇಡಿಯಂಶ ಹೆಚ್ಚಿರುವ ಕೆಸರಿನಲ್ಲಿ ಲೋಹಗಳು ಸಹಜವಾಗಿಯೇ ಹೆಚ್ಚಿರುವುದರಿಂದ, ಮಾಲಿನ್ಯವನ್ನು ಲೆಕ್ಕಹಾಕುವಾಗ ಪ್ರತಿ ಲೋಹವನ್ನೂ ಅಲ್ಯೂಮಿನಿಯಂನಿಂದ ಭಾಗಿಸಿ ಹೋಲಿಸುತ್ತಾರೆ. ಛೇದದಲ್ಲಿ ಕೂತ ಆ ಒಂದು ತಪ್ಪು ಸತು, ತಾಮ್ರ, ಸೀಸ ಎಲ್ಲವುಗಳ ಲೆಕ್ಕಕ್ಕೂ ಹರಡುತ್ತದೆ, ಶುದ್ಧವಾದ ಅಳಿವೆ ಕಾಗದದ ಮೇಲೆ ಕಲುಷಿತವಾಗುತ್ತದೆ.

ಆದುದರಿಂದ ಒಂದಕ್ಕೊಂದು ಸಂಬಂಧವಿಲ್ಲದ ವಿಧಾನಗಳು ಒಂದೇ ಉತ್ತರಕ್ಕೆ ಬರಬೇಕೆಂದು ನಿರೀಕ್ಷಿಸುತ್ತಾರೆ. ನ್ಯೂಟ್ರಾನ್ ಸಕ್ರಿಯಣ ವಿಧಾನದಲ್ಲಿ ಕೆಸರನ್ನು ಕರಗಿಸುವ ಮಾತೇ ಇಲ್ಲ: ಪರಮಾಣು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳಿಗೆ ಒಡ್ಡಿ, ವಿಕಿರಣಶೀಲವಾದ ಧಾತುಗಳು ಹೊರಸೂಸುವ ಗಾಮಾ ಕಿರಣಗಳಿಂದ ಅವುಗಳ ಪ್ರಮಾಣವನ್ನು ತಿಳಿಯಲಾಗುತ್ತದೆ, ಆಮ್ಲದ ತಪ್ಪುಗಳು ಇಲ್ಲಿಗೆ ಸುಳಿಯಲಾರವು. ಅದಕ್ಕೂ ಮಿಗಿಲಾದ ಗೌರವ ಸಮಸ್ಥಾನಿ ಮಿಶ್ರಣ ವಿಧಾನಕ್ಕೆ ಸಲ್ಲುತ್ತದೆ. ಒಂದೇ ಧಾತುವಿನ, ತೂಕದಲ್ಲಿ ಮಾತ್ರ ಭಿನ್ನವಾದ ಪರಮಾಣುಗಳಿಗೆ ಸಮಸ್ಥಾನಿಗಳೆನ್ನುತ್ತಾರೆ. ಸೀಸ-206 ಸಮಸ್ಥಾನಿ ಮಾತ್ರ ಹೆಚ್ಚಾಗಿರುವ ಸೀಸವನ್ನು ಕರಾರುವಾಕ್ಕಾಗಿ ತೂಗಿ ಕೆಸರಿಗೆ ಸೇರಿಸಿ, ಪೂರ್ತಿ ಕರಗಿಸಿ, ಎರಡೂ ಸೀಸಗಳು ಬೆರೆತುಹೋದ ಬಳಿಕ 208ಕ್ಕೂ 206ಕ್ಕೂ ಇರುವ ಅನುಪಾತವನ್ನು ಅಳೆದರೆ ಕೆಸರಿನಲ್ಲಿ ಮೊದಲಿದ್ದ ಸೀಸವೆಷ್ಟೆಂದು ಲೆಕ್ಕ ಸಿಗುತ್ತದೆ. ಬೆರೆತ ಮೇಲೆ ದ್ರಾವಣದ ಒಂದಷ್ಟು ಭಾಗ ಚೆಲ್ಲಿಹೋದರೂ ಅನುಪಾತ ಬದಲಾಗದಿರುವುದು ಇದರ ಸೊಗಸು. ಆದರೆ ನಿಸರ್ಗದಲ್ಲಿ ಒಂದೇ ಸಮಸ್ಥಾನಿ ಇರುವ ಆರ್ಸೆನಿಕ್, ಅಲ್ಯೂಮಿನಿಯಂ, ಮ್ಯಾಂಗನೀಸ್, ಕೋಬಾಲ್ಟ್‌ಗಳಿಗೆ ಈ ದಾರಿ ಮುಚ್ಚಿದೆ.

ಹೀಗೆ ದೊರೆತ ಮೌಲ್ಯದ ಪಕ್ಕದಲ್ಲಿ ಬರೆಯುವ ಅನಿಶ್ಚಿತತೆಯಲ್ಲಿ ಅಳತೆಯ ಸಂದೇಹ, ಸೀಸೆಗಳ ನಡುವಿನ ವ್ಯತ್ಯಾಸ, ಕಾಲಕ್ರಮದಲ್ಲಿ ಆಗಬಹುದಾದ ಬದಲಾವಣೆ ಮೂರೂ ಸೇರಿರುತ್ತವೆ. ಪ್ಯಾಕ್ಸ್-2ರ ಪಾದರಸಕ್ಕೆ 3.04ರ ಜೊತೆಗೆ 0.20 ಎಂಬ ಅನಿಶ್ಚಿತತೆ ಕೊಟ್ಟಿದ್ದಾರೆ. ಎಂದರೆ ನಿಜವಾದ ಮೌಲ್ಯ 2.84 ಮತ್ತು 3.24ರ ನಡುವೆ ಇದೆಯೆಂದು ತಯಾರಕರು ಹೆಚ್ಚಿನ ಭರವಸೆಯಿಂದ ಹೇಳುತ್ತಾರೆ. ನಿರ್ದೇಶಕ ದ್ರವ್ಯ ತಯಾರಿಸುವ ಸಂಸ್ಥೆಗಳ ಅರ್ಹತೆಗೆ 2016ರಲ್ಲಿ ಹೊರಬಂದ ಐಎಸ್‌ಒ 17034 ಎಂಬ ಅಂತರರಾಷ್ಟ್ರೀಯ ಮಾನಕವಿದೆ.

ಭಾರತದ ಮಟ್ಟಿಗೆ ಹೇಳುವುದಾದರೆ, ಕಡಲ ಕೆಸರಿನ ರಸಾಯನದಲ್ಲಿ ತೊಡಗಿದವರ ಸಂಖ್ಯೆ ಸಣ್ಣದಲ್ಲ. 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಗೋವಾದ ದೋನಾ ಪಾವ್ಲಾದಲ್ಲಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಕಡಲು ಮತ್ತು ಕರಾವಳಿ ಸಮೀಕ್ಷಾ ವಿಭಾಗದ ಕೇಂದ್ರ ಕಚೇರಿ ಮಂಗಳೂರಿನಲ್ಲಿದೆ; ಅದರ ಸಮುದ್ರ ರತ್ನಾಕರ ಎಂಬ ಸಂಶೋಧನಾ ಹಡಗು ಕಡಲ ತಳದ ಮಾದರಿಗಳನ್ನು ಎತ್ತಿ ತರುತ್ತದೆ. ನೇತ್ರಾವತಿ, ಗುರುಪುರ, ಕಾಳಿ ನದಿಗಳ ಅಳಿವೆಗಳಲ್ಲಿನ ಲೋಹಗಳ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನಗಳಾಗಿವೆ. ಇಂಥ ಕೆಲಸಗಳಲ್ಲಿ ಅಳತೆಯ ಸಾಕ್ಷಿಯಾಗಿ ಬಹುತೇಕ ಕಾಣಿಸುವುದು ಕೆನಡಾ, ಅಮೆರಿಕ, ಮೊನಾಕೊಗಳಿಂದ ತರಿಸಿದ ಸೀಸೆಗಳು. ಅವು ದುಬಾರಿಯಾದ್ದರಿಂದ ಪ್ರತಿ ಕಂತಿನ ಮಾದರಿಗಳ ಜೊತೆಗೆ ಅಳೆಯಬೇಕಾದ ದ್ರವ್ಯವನ್ನು ಲೇಖನ ಕಳುಹಿಸುವ ಮುನ್ನ ಒಮ್ಮೆ ಅಳೆದು ಸುಮ್ಮನಾಗುವ ಪ್ರವೃತ್ತಿಗೆ ದಾರಿಯಾಗುತ್ತದೆ. ಆ ಒಂದು ದಿನದ ಸರಿಯುತ್ತರ ಉಳಿದ ದಿನಗಳ ಅಳತೆಗೆ ಜಾಮೀನಾಗಲಾರದು.

ಬೆಲೆಗಿಂತಲೂ ಮುಖ್ಯವಾದದ್ದು ಒಡಲಿನ ಹೊಂದಾಣಿಕೆ. ಬೋಫೋರ್ಟ್ ಸಮುದ್ರದ ಕೆಸರು ಶೀತಪ್ರದೇಶದ ನದಿಗಳೂ ಹಿಮವೂ ಸವೆಸಿ ತಂದದ್ದು. ಕರ್ನಾಟಕ ಮತ್ತು ಕೇರಳದ ಕರಾವಳಿಯ ಕೆಸರಿನ ಮೂಲ ಪಶ್ಚಿಮ ಘಟ್ಟದ ಮುಂಗಾರಿನಲ್ಲಿ ಕೊಚ್ಚಿಬಂದ ಜಂಬಿಟ್ಟಿಗೆಯ ಮಣ್ಣು. ಲಕ್ಷಾಂತರ ವರ್ಷಗಳ ಮಳೆಗೆ ಸಿಲಿಕಾವನ್ನು ಕಳೆದುಕೊಂಡು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳಲ್ಲಿ ಸಮೃದ್ಧವಾದದ್ದು. ಮಹಾರಾಷ್ಟ್ರದ ಕಡೆಗೆ ಹೋದರೆ ದಖನ್ನಿನ ಬಸಾಲ್ಟ್ ಸವೆದು ಬಂದ ಬೇರೆಯೇ ಜಾತಿಯ ಜೇಡಿ. ದಡದ ಹತ್ತಿರದ ಕೆಸರು ಕಳೆದು ಭೂಖಂಡದ ಅಂಚಿನತ್ತ ಸಾಗಿದರೆ ಸುಣ್ಣಾಂಶ ಹೆಚ್ಚಿರುವ ಹಳೆಯ ಮರಳು. ಅದಕ್ಕೂ ಆಚೆ, ಅರಬ್ಬೀ ಸಮುದ್ರದ ಆಮ್ಲಜನಕ ಕ್ಷೀಣಿಸಿದ ನೀರಿನ ಪದರ ತಾಗುವ ಇಳಿಜಾರಿನಲ್ಲಿ, ಕೊಳೆಯದೆ ಉಳಿದ ಸಾವಯವ ಇಂಗಾಲ ತುಂಬಿದ ಕೆಸರು. ಈ ನಾಲ್ಕೂ ಆಮ್ಲದಲ್ಲಿ ಕರಗುವ ಬಗೆ ಬೇರೆ, ಯಂತ್ರದಲ್ಲಿ ತರುವ ತೊಡಕು ಬೇರೆ. ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಭಾರತೀಯ ನಿರ್ದೇಶಕ ದ್ರವ್ಯ ಎಂಬ ಹೆಸರಿನಲ್ಲಿ ಹಲವು ವಸ್ತುಗಳನ್ನು ಹೊರತರುತ್ತಿದೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಹೈದರಾಬಾದಿನ ಘಟಕ ಬಾಕ್ಸೈಟಿನ ನಿರ್ದೇಶಕ ದ್ರವ್ಯವನ್ನು ರೂಪಿಸಿದೆ, ಟ್ರಾಂಬೆಯಲ್ಲಿ ನ್ಯೂಟ್ರಾನ್ ಸಕ್ರಿಯಣಕ್ಕೆ ರಿಯಾಕ್ಟರುಗಳಿವೆ. ಕೆಸರನ್ನು ತರಬಲ್ಲ ಹಡಗು, ಅಳೆಯಬಲ್ಲ ಪ್ರಯೋಗಾಲಯ, ಪ್ರಮಾಣೀಕರಿಸಬಲ್ಲ ಸಂಸ್ಥೆ ಎಲ್ಲವೂ ಒಂದೇ ದೇಶದಲ್ಲಿರುವಾಗ, ಈ ಕಡಲಿನದೇ ಕೆಸರುಗಳ ಒಂದು ಪೂರ್ಣ ಸರಣಿ ಪ್ರತಿ ವಿಶ್ಲೇಷಕನ ಮೇಜಿಗೂ ಕೈಗೆಟಕುವ ಬೆಲೆಯಲ್ಲಿ ತಲುಪಬೇಕೆಂದು ಬಯಸುವುದು ಅತಿಯಾಸೆಯಲ್ಲ.

ಸರಣಿ ಆರಂಭವಾದರೆ ಅದನ್ನು ಮುಂದುವರಿಸುವ ಹೊಣೆಯೂ ಬರುತ್ತದೆ. ಪುಡಿ ಖಾಲಿಯಾಗುವ ವಸ್ತು. ಮೆಸ್-1 ಮುಗಿದು ಎರಡು, ಮೂರು, ನಾಲ್ಕು ಬಂದವು, ಪ್ಯಾಕ್ಸ್ ಮೂರನೆಯ ತಲೆಮಾರಿಗೆ ಮುಟ್ಟಿತು. ಅಳಿವೆಯೊಂದರ ಸೀಸದ ಏರಿಳಿತವನ್ನು ದಶಕಗಳ ಕಾಲ ಗಮನಿಸುವ ಪ್ರಯೋಗಾಲಯ ಹಳೆಯ ಸೀಸೆಯ ಕೊನೆಯ ಗ್ರಾಂಗಳನ್ನು ಉಳಿಸಿಕೊಂಡು, ಹೊಸ ಸೀಸೆಯ ಜೊತೆಗೆ ಒಂದಷ್ಟು ಕಾಲ ಎರಡನ್ನೂ ಅಳೆದು, ತನ್ನ ಹಿಂದಿನ ಸಂಖ್ಯೆಗಳಿಗೂ ಮುಂದಿನ ಸಂಖ್ಯೆಗಳಿಗೂ ಕೊಂಡಿ ಹಾಕಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಸೀಸೆ ಬದಲಾದ ವರ್ಷ ಕಂಡ ಇಳಿಕೆ ನದಿಯದೋ ಸೀಸೆಯದೋ ಎಂದು ಹತ್ತು ವರ್ಷಗಳ ನಂತರ ಯಾರೂ ಹೇಳಲಾರರು.